ಹೊಲದ ಹಕ್ಕಿ ಮತ್ತು ದೀವದ ಹಕ್ಕಿ: ಬ್ರಿಟನ್ನಿನ ಕೃಷಿಭೂಮಿಯಲ್ಲಿ ಪಾರಿವಾಳ ಹಾಗೂ ಕಾಗೆಗಳ ನಿಯಂತ್ರಣ

ಬಿತ್ತಿದ ಬೀಜವನ್ನೂ ಬೆಳೆದ ತೆನೆಯನ್ನೂ ಹಕ್ಕಿಗಳಿಂದ ಕಾಪಾಡಿಕೊಳ್ಳುವ ಚಿಂತೆಯು ಬೇಸಾಯದಷ್ಟೇ ಹಳೆಯದು. ನಮ್ಮ ಹೊಲಗಳ ಬೆದರುಬೊಂಬೆ, ಕವಣೆ, ತಮಟೆ, ಅಟ್ಟಣಿಗೆಯ ಮೇಲಿನಿಂದ ಹಾಕುವ ಕೂಗು ಇವೆಲ್ಲವೂ ಆ ಚಿಂತೆಯಿಂದ ಹುಟ್ಟಿದವು. ಹಕ್ಕಿಯನ್ನು ದೂರವಿರಿಸುವುದೇ ಇವೆಲ್ಲದರ ಉದ್ದೇಶ. ಇದಕ್ಕೆ ತದ್ವಿರುದ್ಧವಾದ ಮತ್ತೊಂದು ಉಪಾಯವೂ ಉಂಟು. ಹಕ್ಕಿಯನ್ನು ಹೋಲುವ ಬೊಂಬೆಗಳನ್ನು ಹೊಲದಲ್ಲಿ ಇರಿಸಿ, ತಮ್ಮ ಬಳಗವು ಅಲ್ಲಿ ನಿರ್ಭಯವಾಗಿ ಮೇಯುತ್ತಿದೆಯೆಂಬ ಭ್ರಮೆಯನ್ನು ಹಾರುವ ಹಕ್ಕಿಗಳಲ್ಲಿ ಹುಟ್ಟಿಸಿ, ಹತ್ತಿರಕ್ಕೆ ಬಂದವುಗಳನ್ನು ಗುಂಡಿಕ್ಕುವುದು ಆ ಉಪಾಯ. ಬ್ರಿಟನ್ನಿನಲ್ಲಿ ಕಾಡುಪಾರಿವಾಳ ಮತ್ತು ಕಾಗೆಗಳ ವಿಷಯದಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಹಿಂದಿನ ಪ್ರಾಣಿವರ್ತನೆಯ ತಿಳಿವಳಿಕೆ, ಅದರಿಂದ ಬೆಳೆಗೆ ನಿಜವಾಗಿ ಆಗುವ ಪ್ರಯೋಜನ, ಅದನ್ನು ಸುತ್ತುವರಿದ ಕಾನೂನು ಇವುಗಳನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ. ನಮ್ಮ ದೇಶದಲ್ಲಿ ಈ ಪದ್ಧತಿಗೆ ಅವಕಾಶವಿಲ್ಲ. ಅದರ ಕಾರಣಗಳನ್ನು ಕೊನೆಯ ಭಾಗದಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಮಾತು ಶಬ್ದದ ಬಗ್ಗೆ. ಇಂಗ್ಲಿಷಿನಲ್ಲಿ 'ಡಿಕಾಯ್' ಎನ್ನುವ ಇಂಥ ಬೊಂಬೆಗೆ ಕನ್ನಡದಲ್ಲಿ ಏನೆನ್ನಬೇಕು? 'ಮೋಸದ ಹಕ್ಕಿ', 'ಸೆಳೆಬೊಂಬೆ' ಎಂಬ ಹೊಸ ಪದಗಳನ್ನು ಕಟ್ಟಲು ಹೊರಟ ಈ ಲೇಖಕನಿಗೆ, ವಿದ್ಯಾರ್ಥಿದೆಸೆಯಲ್ಲಿ ಓದಿದ್ದ ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳು ನೆನಪಿಗೆ ಬಂದವು. ಕಾಡುಮೃಗಗಳನ್ನು ಬಲೆಯ ಕಡೆಗೆ ಸೆಳೆಯಲು ಬೇಟೆಗಾರರು ಪಳಗಿಸಿ ಬಿಡುತ್ತಿದ್ದ ಮೃಗಕ್ಕೆ ನಮ್ಮವರು 'ದೀವ' ಎಂದು ಹೆಸರಿಟ್ಟಿದ್ದರು. ಮನೆಯಲ್ಲಿಯೇ ಇದ್ದ ಪದವನ್ನು ಹೊರಗೆ ಹುಡುಕುವ ಅಗತ್ಯವಿಲ್ಲವೆಂದು ತೋರಿದ್ದರಿಂದ ಮುಂದೆ 'ದೀವ' ಎಂಬುದನ್ನೇ ಬಳಸಲಾಗಿದೆ. ಪಂಜರದಲ್ಲಿ ಕೂಗುವ ಗೌಜಲಹಕ್ಕಿಯನ್ನು ಇರಿಸಿ, ಆ ಕೂಗಿಗೆ ಕೆರಳಿ ಕಾದಾಡಲು ಬರುವ ಕಾಡು ಗೌಜಲನ್ನು ಉರುಳಿಗೆ ಸಿಕ್ಕಿಸುವ ರೂಢಿ ಹಿಂದೆ ನಮ್ಮ ಹಳ್ಳಿಗಳಲ್ಲಿತ್ತು. ಅಲ್ಲಿ ದೀವವಾಗಿದ್ದುದು ಜೀವಂತ ಹಕ್ಕಿ.

ದೀವದ ಇತಿಹಾಸ ಬಹಳ ಹಿಂದಕ್ಕೆ ಹೋಗುತ್ತದೆ. ಅಮೆರಿಕದ ನೆವಾಡಾ ರಾಜ್ಯದ ಲವ್‌ಲಾಕ್ ಗುಹೆಯಲ್ಲಿ, ಜೊಂಡಿನಿಂದ ಹೆಣೆದು ಗರಿ ಕಟ್ಟಿ ಬಣ್ಣ ಹಚ್ಚಿದ ಬಾತುಕೋಳಿಯ ದೀವಗಳು 1924ರಲ್ಲಿ ದೊರೆತವು. ಅವು ಸುಮಾರು 2,000 ವರ್ಷ ಹಳೆಯವು. ಅದೇ ಅಮೆರಿಕದಲ್ಲಿ ದೀವಕ್ಕೆ ಸಂಬಂಧಿಸಿದ ಒಂದು ದಾರುಣ ಅಧ್ಯಾಯವೂ ಇದೆ. ಕೋಟಿಗಟ್ಟಲೆ ಸಂಖ್ಯೆಯಲ್ಲಿ ಆಕಾಶವನ್ನು ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಬಲೆಗೆ ಬೀಳಿಸಲು, ಕಣ್ಣು ಹೊಲಿದ ಜೀವಂತ ಪಾರಿವಾಳವೊಂದನ್ನು ಸಣ್ಣ ಪೀಠದ ಮೇಲೆ ಕಟ್ಟಿ ಏರಿಳಿಸುತ್ತಿದ್ದರು. ಅದರ ರೆಕ್ಕೆಯ ಬಡಿತವನ್ನು ಕಂಡು ಗುಂಪುಗಳು ಇಳಿಯುತ್ತಿದ್ದವು. ಪೊಲೀಸರ ಗುಪ್ತ ಮಾಹಿತಿದಾರನಿಗೆ ಇಂಗ್ಲಿಷಿನಲ್ಲಿ 'ಪೀಠದ ಪಾರಿವಾಳ' ಎನ್ನುವುದು ಇದರಿಂದಲೇ ಎಂದು ಹೇಳುವುದುಂಟು. ಆ ಜಾತಿಯ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಹೇರಳವಾಗಿರುವ ಹಕ್ಕಿಗೆ ಎಂದಿಗೂ ಅಪಾಯವಿಲ್ಲವೆಂದು ಭಾವಿಸಿದ ಕಾಲವೊಂದಿತ್ತು ಎಂಬುದನ್ನು, ಬ್ರಿಟನ್ನಿನ ಕಾಡುಪಾರಿವಾಳದ ವಿಷಯಕ್ಕೆ ಬರುವ ಮುನ್ನ ನೆನಪಿನಲ್ಲಿಡಬೇಕು.

ಕಾಡುಪಾರಿವಾಳ ಮತ್ತು ಎಣ್ಣೆಬೀಜದ ಬೆಳೆ

ಮುಂಬಯಿಯ ಕಬೂತರಖಾನೆಗಳಲ್ಲಿಯೂ ಹೈದರಾಬಾದಿನ ಚಾರ್‌ಮಿನಾರಿನ ಸಂದುಗಳಲ್ಲಿಯೂ ಓದುಗರು ಕಾಣುವ ಪಾರಿವಾಳವೇ ಬೇರೆ, ಇಲ್ಲಿ ಹೇಳುತ್ತಿರುವ ಹಕ್ಕಿಯೇ ಬೇರೆ. ನಗರದ ಪಾರಿವಾಳವು ಬಂಡೆಗಳಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಯ ಸಂತತಿ. ಇಂಗ್ಲಿಷಿನಲ್ಲಿ ವುಡ್ ಪಿಜನ್ ಎಂದು ಕರೆಯಲಾಗುವ ಕಾಡುಪಾರಿವಾಳವು ಅದಕ್ಕಿಂತ ದೊಡ್ಡದು, ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ಕೊರಳಿನ ಇಕ್ಕೆಲಗಳಲ್ಲಿ ಬಿಳಿಯ ಮಚ್ಚೆ, ಹಾರುವಾಗ ರೆಕ್ಕೆಯ ಮೇಲೆ ಎದ್ದು ಕಾಣುವ ಬಿಳಿಯ ಪಟ್ಟೆ ಇದರ ಗುರುತು. ಮರದಲ್ಲಿ ಒರಟಾದ ಕಡ್ಡಿಗೂಡು ಕಟ್ಟಿ ಎರಡು ಮೊಟ್ಟೆಯಿಡುತ್ತದೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮರಿ ಮಾಡಬಲ್ಲದು. ಮರಿಗಳಿಗೆ ಮೊದಲ ದಿನಗಳಲ್ಲಿ ತನ್ನ ಗಂಟಲಚೀಲದಲ್ಲಿ ಸ್ರವಿಸುವ ಹಾಲಿನಂಥ ದ್ರವವನ್ನು ಉಣಿಸುತ್ತದೆ. ಬ್ರಿಟನ್ನಿನಲ್ಲಿ ಈಗ ಇವುಗಳ 50 ಲಕ್ಷಕ್ಕೂ ಹೆಚ್ಚು ಜೋಡಿಗಳು ಗೂಡು ಕಟ್ಟುತ್ತವೆಂದು ಅಂದಾಜು ಮಾಡಲಾಗಿದೆ.

ಈ ಸಂಖ್ಯೆ ಯಾವಾಗಲೂ ಇಷ್ಟಿರಲಿಲ್ಲ. ಕಾಡುಪಾರಿವಾಳಕ್ಕೆ ವರ್ಷದ ಕಠಿಣ ಕಾಲವೆಂದರೆ ಚಳಿಗಾಲದ ಕೊನೆ. ಸುಗ್ಗಿಯ ಕಾಳು ಮುಗಿದು, ಕಾಡಿನ ಓಕ್ ಮತ್ತು ಬೀಚ್ ಕಾಯಿಗಳು ತೀರಿದ ಮೇಲೆ ಹಿಂದೆ ಅದಕ್ಕೆ ಉಳಿಯುತ್ತಿದ್ದುದು ಹುಲ್ಲುಗಾವಲಿನ ಕ್ಲೋವರ್ ಎಲೆ ಮಾತ್ರ. ಎಷ್ಟು ಕ್ಲೋವರ್ ಇದೆಯೋ ಅಷ್ಟು ಹಕ್ಕಿಗಳು ಬದುಕುತ್ತಿದ್ದವು. 1973ರಲ್ಲಿ ಬ್ರಿಟನ್ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿದ ನಂತರ, ಅಲ್ಲಿ ದೊರೆಯುತ್ತಿದ್ದ ಬೆಲೆಯ ಬೆಂಬಲದಿಂದಾಗಿ ರೇಪ್ ಎಂಬ ಎಣ್ಣೆಬೀಜದ ಬೇಸಾಯ ವೇಗವಾಗಿ ಹಬ್ಬಿತು. ಇದು ನಮ್ಮ ಸಾಸಿವೆಯ ಬಳಗಕ್ಕೆ ಸೇರಿದ ಗಿಡ. ಬೇಸಿಗೆಯ ಕೊನೆಯಲ್ಲಿ ಬಿತ್ತಿದರೆ ಚಳಿಗಾಲವಿಡೀ ಹೊಲದಲ್ಲಿ ಹಸಿರು ಎಲೆಯಾಗಿ ನಿಂತಿರುತ್ತದೆ. ಹಸಿವಿನ ತಿಂಗಳುಗಳಲ್ಲಿಯೇ ಸಾವಿರಾರು ಎಕರೆಗಳಲ್ಲಿ ಎಲೆಯ ಊಟ ಬಡಿಸಿದಂತಾಯಿತು. ಹಿಂದೆ ಚಳಿಗೆ ಸಾಯುತ್ತಿದ್ದ ಹಕ್ಕಿಗಳು ಬದುಕಿ ಉಳಿದವು. ಪಾರಿವಾಳದ ಪೀಡೆಯನ್ನು ಒಂದರ್ಥದಲ್ಲಿ ಕೃಷಿನೀತಿಯೇ ಬೆಳೆಸಿತೆಂದರೆ ಅತಿಶಯೋಕ್ತಿಯಾಗದು.

ಹಾನಿಯ ಸ್ವರೂಪ ಋತುವಿನಂತೆ ಬದಲಾಗುತ್ತದೆ. ಚಳಿಗಾಲದಲ್ಲಿ ನೂರಾರು ಹಕ್ಕಿಗಳ ಗುಂಪು ರೇಪ್ ಹೊಲಕ್ಕಿಳಿದು ಎಲೆಯನ್ನು ದಂಟಿನವರೆಗೆ ಕಿತ್ತು ತಿನ್ನುತ್ತದೆ. ಗಿಡದ ಬೆಳೆಯುವ ತುದಿಯೇ ಹೋದರೆ ಆ ಭಾಗದ ಬೆಳೆ ಹಿಂದೆ ಬೀಳುತ್ತದೆ, ಹೊಲದಲ್ಲಿ ಒಂದು ಕಡೆ ಕಾಯಿ ಮಾಗಿ ಇನ್ನೊಂದು ಕಡೆ ಹೂವೇ ಇರುವುದರಿಂದ ಕಟಾವು ಕೆಡುತ್ತದೆ. ವಸಂತದಲ್ಲಿ ಬಟಾಣಿ ಮತ್ತು ಹುರುಳಿ ಜಾತಿಯ ಮೊಳಕೆಗಳ ಮೇಲೆ ದಾಳಿ. ಬೇಸಿಗೆಯಲ್ಲಿ ಗಾಳಿಮಳೆಗೆ ಮಲಗಿದ ಗೋಧಿ ಮತ್ತು ಬಾರ್ಲಿಯ ತೇಪೆಗಳಲ್ಲಿ ಇಳಿಯುತ್ತವೆ. ನಿಂತ ಪೈರಿನ ಮೇಲೆ ಈ ಭಾರದ ಹಕ್ಕಿ ಸುಲಭವಾಗಿ ಕೂರಲಾರದು. ಮಲಗಿದ ಪೈರು ಅದಕ್ಕೆ ಹಾಸಿದ ಎಲೆಯಂತೆ.

ದೀವವು ಹೇಗೆ ಕೆಲಸ ಮಾಡುತ್ತದೆ

ಪಾರಿವಾಳದ ಕಣ್ಣು ಬಹಳ ಚುರುಕು, ಮೂಗಿನ ಕೆಲಸ ಕಡಿಮೆ. ಗುಂಪಿನಲ್ಲಿ ಮೇಯುವ ಹಕ್ಕಿಗೆ ಎರಡು ಲಾಭಗಳುಂಟು. ಮೇವಿರುವ ಜಾಗವು ಹುಡುಕದೆಯೇ ತಿಳಿಯುತ್ತದೆ, ಅಪಾಯವನ್ನು ನೋಡುವ ಕಣ್ಣುಗಳು ಹಲವಾಗುತ್ತವೆ. ಆದುದರಿಂದ ಎತ್ತರದಲ್ಲಿ ಹಾರುವ ಹಕ್ಕಿಯು ಕೆಳಗಿನ ಹೊಲವನ್ನು ಪರೀಕ್ಷಿಸುವ ಬದಲು ಅಲ್ಲಿ ಇಳಿದಿರುವ ತನ್ನ ಜಾತಿಯ ಹಕ್ಕಿಗಳನ್ನು ನೋಡುತ್ತದೆ. ದೀವದ ಉಪಾಯವು ನಿಂತಿರುವುದು ಈ ನಂಬಿಕೆಯ ಮೇಲೆ.

ಬ್ರಿಟನ್ನಿನ ಕೃಷಿ ಸಚಿವಾಲಯದ ವಿಜ್ಞಾನಿಗಳಾದ ಇಂಗ್ಲಿಸ್ ಮತ್ತು ಐಸಾಕ್‌ಸನ್ 1970 ಮತ್ತು 1980ರ ದಶಕಗಳಲ್ಲಿ ಈ ನಂಬಿಕೆಯನ್ನು ಬೊಂಬೆಗಳ ಮೂಲಕವೇ ಪರೀಕ್ಷಿಸಿದರು. ಹೆಬ್ಬಾತಿನ ಮಾದರಿಗಳನ್ನು ತಲೆ ತಗ್ಗಿಸಿ ಮೇಯುವ ಭಂಗಿಯಲ್ಲಿ ಇರಿಸಿದಾಗ ನಿಜವಾದ ಹೆಬ್ಬಾತುಗಳು ಇಳಿದವು. ಹೆಚ್ಚಿನ ಮಾದರಿಗಳ ಕತ್ತನ್ನು ಮೇಲಕ್ಕೆ ಚಾಚಿ ಎಚ್ಚರದ ಭಂಗಿಯಲ್ಲಿ ನಿಲ್ಲಿಸಿದಾಗ ಬಂದ ಗುಂಪು ತಿರುಗಿ ಹೋಯಿತು. ಕಾಡುಪಾರಿವಾಳದಲ್ಲಿ ಇನ್ನೊಂದು ಅಂಶವೂ ಕಂಡುಬಂದಿತು. ರೆಕ್ಕೆಯ ಬಿಳಿಯ ಪಟ್ಟೆಯು ಮೇಲೇಳುವ ಹಕ್ಕಿಯು ಉಳಿದವುಗಳಿಗೆ ಕೊಡುವ ಅಪಾಯದ ಸೂಚನೆ. ರೆಕ್ಕೆ ಮಡಿಸಿದ ಸತ್ತ ಪಾರಿವಾಳವನ್ನು ಹೊಲದಲ್ಲಿಟ್ಟರೆ ಅದು ಕರೆಯುತ್ತದೆ. ಅದೇ ಹಕ್ಕಿಯ ರೆಕ್ಕೆಗಳನ್ನು ಅಗಲಿಸಿ ಪಟ್ಟೆ ಕಾಣುವಂತೆ ಇಟ್ಟರೆ ಅದು ಹೆದರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಸಂಡಿಗೆ ಒಣಗಿಸುವ ಅಂಗಳದ ಗಳಕ್ಕೆ ಸತ್ತ ಕಾಗೆಯನ್ನೋ ಕಪ್ಪು ಬಟ್ಟೆಯ ಚೂರನ್ನೋ ರೆಕ್ಕೆ ಇಳಿಬಿದ್ದಂತೆ ನೇತುಹಾಕುತ್ತಿದ್ದ ಅಜ್ಜಿಯರಿಗೆ ಈ ತತ್ತ್ವವು ಪ್ರಯೋಗಶಾಲೆಯಿಲ್ಲದೆ ತಿಳಿದಿತ್ತು.

ಇನ್ನು ಕಾರ್ಯವಿಧಾನ. ಅನುಭವಿಗಳು ಬಂದೂಕಿಗಿಂತ ಮೊದಲು ದುರ್ಬೀನನ್ನು ಕೈಗೆತ್ತಿಕೊಳ್ಳುತ್ತಾರೆ. ಕಾಡಿನ ಮರಗಳಿಂದ ಹೊಲದ ಕಡೆಗೆ ಹಕ್ಕಿಗಳು ಹಾರುವ ದಾರಿಗಳು ಬಹುಮಟ್ಟಿಗೆ ನಿಶ್ಚಿತವಾಗಿರುತ್ತವೆ. ಬೇಲಿಯ ಸಾಲು, ಕಣಿವೆ, ಒಂಟಿ ಮರ ಇವು ಅವುಗಳ ದಾರಿಗುರುತುಗಳು. ಯಾವ ಹೊಲದ ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತವೆಂಬುದನ್ನು ಒಂದೆರಡು ದಿನ ದೂರದಿಂದ ನೋಡಿ ಗುರುತಿಸಿಕೊಳ್ಳದೆ ಬೊಂಬೆಯಿಟ್ಟು ಕೂರುವುದು ಮೀನಿಲ್ಲದ ಮಡುವಿನಲ್ಲಿ ಗಾಳ ಹಾಕಿದಂತೆ.

ಆಮೇಲೆ ಮರೆ. ಕಂಬಗಳಿಗೆ ಎಲೆಬಣ್ಣದ ಬಲೆ ಕಟ್ಟಿ, ಸುತ್ತಣ ಗಿಡಗಂಟಿಗಳ ರೆಂಬೆಗಳನ್ನು ಸಿಕ್ಕಿಸಿ, ಹಿನ್ನೆಲೆಯಲ್ಲಿ ಬೇಲಿಯೋ ಪೊದೆಯೋ ಇರುವಂತೆ ಅದನ್ನು ಕಟ್ಟುತ್ತಾರೆ. ಬಯಲಿನಲ್ಲಿ ಹೊಳೆಯುವ ಮುಖ ಮತ್ತು ಬರಿಗೈ ದೂರದ ಹಕ್ಕಿಗೆ ಕನ್ನಡಿಯಂತೆ ಕಾಣುತ್ತವೆ. ಆದುದರಿಂದ ಮುಖಕ್ಕೆ ಮುಸುಕು, ಕೈಗೆ ಚೀಲ. ಎಲ್ಲಕ್ಕಿಂತ ಮುಖ್ಯವಾದುದು ಅಲುಗಾಡದಿರುವುದು.

ದೀವಗಳನ್ನು ಇಡುವ ಕ್ರಮದಲ್ಲಿ ಗಾಳಿಯೇ ಗುರು. ಹಕ್ಕಿಗಳು ಗಾಳಿಗೆ ಎದುರಾಗಿ ಇಳಿಯುತ್ತವೆ, ಎದುರಾಗಿಯೇ ಮೇಯಲು ಬಯಸುತ್ತವೆ. ಆದ್ದರಿಂದ ಬೇಟೆಗಾರನ ಬೆನ್ನಿನ ಕಡೆಯಿಂದ ಗಾಳಿ ಬೀಸುತ್ತಿದ್ದರೆ ಹಕ್ಕಿಗಳು ಮರೆಯ ಕಡೆಗೆ ಮುಖಮಾಡಿ ಬರುತ್ತವೆ. ಹನ್ನೆರಡರಿಂದ ಇಪ್ಪತ್ತು ಬೊಂಬೆಗಳನ್ನು ಕುದುರೆಲಾಳದ ಆಕಾರದಲ್ಲಿ ಹರಡಿ, ನಡುವೆ ಇಳಿಯಲು ತೆರವಾದ ಜಾಗವನ್ನು ಬಿಡಲಾಗುತ್ತದೆ. ಆ ತೆರವು ಮರೆಯಿಂದ ಇಪ್ಪತ್ತು ಇಪ್ಪತ್ತೈದು ಹೆಜ್ಜೆಗಳ ದೂರದಲ್ಲಿರಬೇಕು. ಎಲ್ಲ ಬೊಂಬೆಗಳನ್ನೂ ಕವಾಯತಿನ ಸಾಲಿನಂತೆ ನೇರವಾಗಿ ಇಟ್ಟರೆ ಸಂಶಯ ಹುಟ್ಟುತ್ತದೆ. ಒಂದಿಷ್ಟು ಓರೆ, ಒಂದಿಷ್ಟು ಹತ್ತಿರ ದೂರ ಇರಬೇಕು. ಬಿಸಿಲಿನಲ್ಲಿ ಅಥವಾ ಮಳೆಯಲ್ಲಿ ಮಿರುಗುವ ಪ್ಲಾಸ್ಟಿಕ್ ಬೊಂಬೆ ಬೊಂಬೆಯಿಲ್ಲದ್ದಕ್ಕಿಂತಲೂ ಕೆಟ್ಟದು. ಮೊದಲು ಬಿದ್ದ ಹಕ್ಕಿಗಳನ್ನೇ ಗದ್ದದ ಕೆಳಗೆ ಕಡ್ಡಿಯ ಆಸರೆ ಕೊಟ್ಟು ದೀವವಾಗಿ ಇಡುವುದೂ ಉಂಟು.

ನಿಶ್ಚಲವಾದ ಗುಂಪಿಗೆ ಜೀವ ತುಂಬಲು ಬಳುಕುವ ಉದ್ದ ಕಡ್ಡಿಯ ತುದಿಯಲ್ಲಿ ಸಿಕ್ಕಿಸಿ ಗಾಳಿಗೆ ತೂಗಾಡುವ ಬೊಂಬೆಯನ್ನು ಬಳಸುತ್ತಾರೆ. ಇತ್ತೀಚಿನ ದಶಕಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ತಿರುಗುವ ಯಂತ್ರದ ಎರಡು ತೋಳುಗಳಿಗೆ ಹಕ್ಕಿಗಳನ್ನು ಕಟ್ಟಿ, ಅವು ಸುತ್ತು ಹಾಕಿ ಇಳಿಯುತ್ತಿರುವಂತೆ ತೋರಿಸುವ ಸಾಧನವೂ ಬಂದಿದೆ. ಇಲ್ಲಿ ರೆಕ್ಕೆಯ ಬಿಳಿ ಪಟ್ಟೆ ಕಂಡರೂ ಚಲನೆಯು ಏಳುವುದರದ್ದಲ್ಲ, ಇಳಿಯುವುದರದ್ದು ಎಂಬ ಸೂಕ್ಷ್ಮವಿದೆ. ಒಂದೇ ಪ್ರದೇಶದಲ್ಲಿ ಪದೇ ಪದೇ ಬಳಸಿದರೆ ಹಕ್ಕಿಗಳು ಆ ಯಂತ್ರವನ್ನೇ ಗುರುತಿಸಿ ದೂರ ಸರಿಯುತ್ತವೆಂದು ಬಳಸಿದವರೇ ದೂರುತ್ತಾರೆ.

ಈ ವಿದ್ಯೆಯನ್ನು ಜೀವನೋಪಾಯವಾಗಿಸಿಕೊಂಡವರಲ್ಲಿ ಹ್ಯಾಂಪ್‌ಶೈರ್ ಪ್ರಾಂತದ ಮೇಜರ್ ಆರ್ಚೀ ಕೋಟ್ಸ್ ಅವರ ಹೆಸರು ಪ್ರಸಿದ್ಧ. ಎರಡನೆಯ ಮಹಾಯುದ್ಧದ ನಂತರ ಅವರು ರೈತರ ಹೊಲಗಳಲ್ಲಿ ಪಾರಿವಾಳ ಹೊಡೆದು ಮಾಂಸವನ್ನು ಮಾರಿ ಬದುಕಿದರು. 1962ರ ಚಳಿಗಾಲದ ಒಂದೇ ದಿನ ಅವರು 550 ಹಕ್ಕಿಗಳನ್ನು ಕೆಡವಿದ್ದು ಬಹುಕಾಲ ದಾಖಲೆಯಾಗಿ ಉಳಿದಿತ್ತು. ಮರುವರ್ಷ ಅವರು ಈ ವಿಷಯದ ಮೇಲೆ ಬರೆದ ಪುಸ್ತಕವನ್ನು ಇಂದಿಗೂ ಓದುತ್ತಾರೆ.

ಕಾಗೆಯ ಮಾತು ಬೇರೆ

ಪಾರಿವಾಳವನ್ನು ವಂಚಿಸಿದಂತೆ ಕಾಗೆಯನ್ನು ವಂಚಿಸಲಾಗದು. ಕ್ಯಾರಿಯನ್ ಕ್ರೋ ಎಂಬ ಬ್ರಿಟನ್ನಿನ ಕಪ್ಪು ಕಾಗೆಯು ನಮ್ಮ ಊರಕಾಗೆಗಿಂತ ದೊಡ್ಡದು, ಅದರ ಕೊರಳಿನಲ್ಲಿ ಬೂದುಬಣ್ಣವಿಲ್ಲ. ಇದರಿಂದ ಆಗುವ ಹಾನಿ ಪೈರಿಗಿಂತ ಹೆಚ್ಚಾಗಿ ಕುರಿಹಟ್ಟಿಯದು. ಆಗತಾನೆ ಹುಟ್ಟಿದ ಕುರಿಮರಿಯ ಮತ್ತು ಹೆರಿಗೆಯಲ್ಲಿ ಬಿದ್ದು ಏಳಲಾಗದ ತಾಯಿಕುರಿಯ ಕಣ್ಣು, ನಾಲಗೆಗಳನ್ನು ಇದು ಕುಕ್ಕುತ್ತದೆ. ನೆಲದ ಮೇಲೆ ಗೂಡು ಮಾಡುವ ಟಿಟ್ಟಿಭದಂಥ ಹಕ್ಕಿಗಳ ಮೊಟ್ಟೆಗಳನ್ನು ಕದಿಯುತ್ತದೆ. ಗುಂಪಾಗಿ ಬದುಕುವ ರೂಕ್ ಎಂಬ ಮತ್ತೊಂದು ಕಪ್ಪು ಹಕ್ಕಿಯು ಮೊಳೆತ ಜೋಳ ಮತ್ತು ಗೋಧಿಯನ್ನು ಸಾಲುಸಾಲಾಗಿ ಕಿತ್ತುಹಾಕುತ್ತದೆಯಾದರೂ ಮಣ್ಣಿನ ಹುಳುಗಳನ್ನು ತಿಂದು ರೈತನಿಗೆ ಉಪಕಾರವನ್ನೂ ಮಾಡುತ್ತದೆ.

ಕಾಗೆಗೆ ಬಳಸುವ ದೀವಗಳು ಎರಡು ಬಗೆ. ಒಂದು ಅದರ ಹೊಟ್ಟೆಯನ್ನು ಕರೆಯುತ್ತದೆ, ಅಂದರೆ ಕಾಗೆಬೊಂಬೆಗಳ ನಡುವೆ ಇರಿಸಿದ ಮೊಟ್ಟೆ ಅಥವಾ ಮೊಲದ ಕಳೇಬರ. ಇನ್ನೊಂದು ಅದರ ದ್ವೇಷವನ್ನು ಕೆರಳಿಸುತ್ತದೆ. ಹಗಲಿನಲ್ಲಿ ಗೂಬೆಯನ್ನು ಕಂಡರೆ ಕಾಗೆಗಳು ಒಟ್ಟುಗೂಡಿ ಕೂಗಿ ಎರಗುವುದನ್ನು ನಮ್ಮಲ್ಲಿಯೂ ಎಲ್ಲರೂ ಕಂಡಿದ್ದಾರೆ. ಗಳದ ತುದಿಯಲ್ಲಿ ನಿಲ್ಲಿಸಿದ ಗೂಬೆಯ ಬೊಂಬೆಯು ಅದೇ ವೈರವನ್ನು ಬಳಸಿಕೊಳ್ಳುತ್ತದೆ. ಆದರೆ ಒಮ್ಮೆ ಗುಂಡಿನ ಸದ್ದು ಕೇಳಿ ಉಳಿದ ಕಾಗೆ ಆ ಜಾಗಕ್ಕೆ ಬೇಗ ಮರಳುವುದಿಲ್ಲ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ಮತ್ತು ಸಂಗಡಿಗರು ಸಿಯಾಟಲ್ ನಗರದಲ್ಲಿ ಒಂದು ಮುಖವಾಡ ಧರಿಸಿ ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡೊಡನೆ ಕಾಗೆಗಳು ಬೈಯುತ್ತಿದ್ದವು, ಹಿಡಿಯಲ್ಪಡದೆ ಇದ್ದ ಕಾಗೆಗಳೂ ಅದನ್ನು ಕಲಿತುಕೊಂಡಿದ್ದವು.

ಬಂದೂಕಿನಿಂದ ಆಗದ ಕಡೆ ಲಾರ್ಸೆನ್ ಬೋನನ್ನು ಬಳಸುತ್ತಾರೆ. ಡೆನ್ಮಾರ್ಕಿನಲ್ಲಿ ರೂಪುಗೊಂಡ ಈ ಪಂಜರದ ಒಂದು ಕೋಣೆಯಲ್ಲಿ ಜೀವಂತ ಕಾಗೆಯನ್ನು ಇರಿಸಿದರೆ, ತನ್ನ ನೆಲೆಗೆ ಅನ್ಯನೊಬ್ಬ ಬಂದನೆಂದು ಕೆರಳಿದ ಸ್ಥಳೀಯ ಕಾಗೆಯು ಪಕ್ಕದ ಕೋಣೆಗೆ ಇಳಿದು ಸಿಕ್ಕಿಬೀಳುತ್ತದೆ. ನಮ್ಮ ಗೌಜಲಿನ ಪಂಜರವೂ ಇದೂ ಒಂದೇ ತತ್ತ್ವದವು. ಇಲ್ಲಿ ದೀವದ ಹಕ್ಕಿಗೆ ನೀರು, ಆಹಾರ, ನೆರಳು, ಕೂರಲು ಕಡ್ಡಿ ಇರಲೇಬೇಕು. ದಿನಕ್ಕೊಮ್ಮೆಯಾದರೂ ಬೋನನ್ನು ಪರೀಕ್ಷಿಸಲೇಬೇಕು ಎಂದು ಪರವಾನಗಿಯ ನಿಬಂಧನೆ ಇದೆ.

ಎಷ್ಟು ಹೊಡೆದರೆ ಎಷ್ಟು ಕಡಿಮೆಯಾಗುತ್ತದೆ?

ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದು. 1950ರ ದಶಕದಲ್ಲಿ ಬ್ರಿಟಿಷ್ ಸರ್ಕಾರವು ಪಾರಿವಾಳ ಹೊಡೆಯುವ ರೈತರಿಗೆ ತೋಟಾಗಳ ಬೆಲೆಯಲ್ಲಿ ಸಹಾಯಧನ ನೀಡುತ್ತಿತ್ತು. ಚಳಿಗಾಲದ ಸಂಜೆಗಳಲ್ಲಿ ಒಂದು ಪ್ರದೇಶದ ಬಂದೂಕುದಾರರೆಲ್ಲ ಒಂದೇ ವೇಳೆಗೆ ಕಾಡುಗಳಲ್ಲಿ ನಿಂತು, ಗೂಡಿಗೆ ಮರಳುವ ಹಕ್ಕಿಗಳನ್ನು ಹೊಡೆಯುವ ಸಾಮೂಹಿಕ ಬೇಟೆಗಳೂ ನಡೆಯುತ್ತಿದ್ದವು. ಇದರಿಂದ ಪಾರಿವಾಳಗಳ ಸಂಖ್ಯೆ ಇಳಿಯುವುದು ಸ್ವಯಂಸಿದ್ಧವೆಂದು ಎಲ್ಲರೂ ಭಾವಿಸಿದ್ದರು. ಕೃಷಿ ಸಚಿವಾಲಯದ ಪಕ್ಷಿವಿಜ್ಞಾನಿ ರೊನಾಲ್ಡ್ ಮರ್ಟನ್ ಅವರು ಕೇಂಬ್ರಿಜ್‌ಶೈರಿನ ಕಾರ್ಲ್‌ಟನ್ ಎಂಬಲ್ಲಿ ಹಲವು ವರ್ಷಗಳ ಕಾಲ ಹಕ್ಕಿಗಳನ್ನೂ ಅವುಗಳ ಮೇವನ್ನೂ ಎಣಿಸಿ ಅಳೆದು ಇದನ್ನು ಪರೀಕ್ಷಿಸಿದರು.

ದೊರೆತ ಫಲಿತಾಂಶ ಅನಿರೀಕ್ಷಿತವಾಗಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಎಷ್ಟು ಪಾರಿವಾಳಗಳು ಉಳಿಯುತ್ತವೆಂಬುದನ್ನು ನಿರ್ಧರಿಸುತ್ತಿದ್ದುದು ಕ್ಲೋವರ್ ಎಲೆಯ ಪ್ರಮಾಣವೇ ಹೊರತು ಬಂದೂಕಲ್ಲ. ನೂರು ಹಕ್ಕಿಗಳಿಗೆ ಸಾಲುವಷ್ಟು ಮೇವಿರುವ ಕಡೆ ನೂರೈವತ್ತು ಹಕ್ಕಿಗಳಿವೆ ಎಂದಿಟ್ಟುಕೊಳ್ಳೋಣ. ಬೇಟೆಯಿಲ್ಲದಿದ್ದರೆ ಐವತ್ತು ಹಸಿವಿನಿಂದ ಸಾಯುತ್ತವೆ ಅಥವಾ ಬೇರೆಡೆಗೆ ಹೋಗುತ್ತವೆ. ನಲವತ್ತನ್ನು ಗುಂಡಿಕ್ಕಿದರೆ ಹಸಿವಿನಿಂದ ಸಾಯುವವು ಹತ್ತು ಮಾತ್ರ. ವಸಂತಕ್ಕೆ ಉಳಿಯುವುದು ಎರಡು ಸಂದರ್ಭಗಳಲ್ಲಿಯೂ ನೂರೇ. ಬಂದೂಕು ಸಾವಿನ ಕಾರಣವನ್ನು ಬದಲಾಯಿಸಿತು, ಲೆಕ್ಕವನ್ನಲ್ಲ. ಸಹಾಯಧನದ ಹಣ ಹೀಗೆ ಬಹುಪಾಲು ನಿಷ್ಪ್ರಯೋಜಕವಾಯಿತೆಂಬುದು ಇದರ ತಾತ್ಪರ್ಯ. ಮರ್ಟನ್ ಅವರ ಗ್ರಂಥವು 1965ರಲ್ಲಿಯೂ, ಬೇಟೆಯ ಪರಿಣಾಮವನ್ನು ಕುರಿತ ಸಂಗಡಿಗರೊಂದಿಗಿನ ಅವರ ಪ್ರಬಂಧವು 1974ರಲ್ಲಿಯೂ ಪ್ರಕಟವಾದವು. ಸರ್ಕಾರವೊಂದು ತನ್ನದೇ ವಿಜ್ಞಾನಿಯಿಂದ ತನ್ನದೇ ಯೋಜನೆಯ ವೈಫಲ್ಯವನ್ನು ಕೇಳಿಸಿಕೊಂಡ ಈ ಪ್ರಸಂಗವು ಪ್ರಶಂಸೆಗೆ ಅರ್ಹವೆಂದು ಈ ಲೇಖಕನ ಅಭಿಪ್ರಾಯ.

ಹಾಗಾದರೆ ದೀವವಿಟ್ಟು ಹೊಡೆಯುವುದರಿಂದ ಉಪಯೋಗವೇ ಇಲ್ಲವೇ? ದೇಶದ ಒಟ್ಟು ಸಂಖ್ಯೆಯನ್ನು ಇಳಿಸುವ ಸಾಧನವಾಗಿ ಅದನ್ನು ಈಗ ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಆದರೆ ನಿರ್ದಿಷ್ಟ ಹೊಲದಲ್ಲಿ, ಬೆಳೆಯು ಎಳೆಯದಾಗಿರುವ ಎರಡು ಮೂರು ವಾರಗಳ ಮಟ್ಟಿಗೆ ಹಕ್ಕಿಗಳ ಒತ್ತಡವನ್ನು ಅದು ಬೇರೆಡೆಗೆ ತಿರುಗಿಸಬಲ್ಲದು. ಗಾಳಿಪಟ, ಅನಿಲದಿಂದ ಸಿಡಿಯುವ ತೋಪು, ಬೆದರುಬೊಂಬೆ ಇವುಗಳಿಗೆ ಹಕ್ಕಿಗಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ನಡುನಡುವೆ ನಿಜವಾದ ಗುಂಡು ಹಾರಿದರೆ ಈ ಸದ್ದುಗಳ ಬೆದರಿಕೆ ಉಳಿಯುತ್ತದೆ. ಪಕ್ಕದ ರೈತನ ಹೊಲಕ್ಕೆ ಆ ಹಕ್ಕಿಗಳು ಹೋಗುತ್ತವಲ್ಲ ಎಂಬ ಪ್ರಶ್ನೆಗೆ ಮಾತ್ರ ಈ ಪದ್ಧತಿಯಲ್ಲಿ ಉತ್ತರವಿಲ್ಲ.

ಇನ್ನೊಂದು ತೊಡಕು ಋತುವಿನದು. ಕಾಡುಪಾರಿವಾಳದ ಮರಿಗಾಲ ತುಂಬಿರುವುದು ಸುಗ್ಗಿಯ ಆಸುಪಾಸಿನ ತಿಂಗಳುಗಳಲ್ಲಿ. ಮಲಗಿದ ಗೋಧಿಯ ಮೇಲೆ ಹಕ್ಕಿಗಳು ಇಳಿಯುವುದೂ, ರೈತನು ಬೇಟೆಗಾರನನ್ನು ಕರೆಯುವುದೂ ಆಗಲೇ. ಹಾಗೆ ಬಿದ್ದ ಹಕ್ಕಿಯ ಗೂಡಿನಲ್ಲಿ ಮರಿಗಳು ಹಸಿವಿನಿಂದ ಸಾಯುತ್ತವೆ. ಇದನ್ನು ತಪ್ಪಿಸುವ ಉಪಾಯವನ್ನು ಯಾವ ನಿಬಂಧನೆಯೂ ಸೂಚಿಸಿಲ್ಲ.

ಕಾನೂನಿನ ಕಟ್ಟಳೆ ಮತ್ತು 2019ರ ಬಿಕ್ಕಟ್ಟು

ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಅಧಿನಿಯಮದ ಪ್ರಕಾರ ಎಲ್ಲ ಕಾಡುಹಕ್ಕಿಗಳಿಗೂ ರಕ್ಷಣೆಯಿದೆ. ಕೊಲ್ಲಲು ಅವಕಾಶವಿರುವುದು ಅಪವಾದವಾಗಿ ಮಾತ್ರ. ಕಟ್ಟಿಹಾಕಿದ, ಕುರುಡಾದ ಅಥವಾ ಗಾಯಗೊಂಡ ಜೀವಂತ ಹಕ್ಕಿಯನ್ನೂ, ಹಕ್ಕಿಯ ಧ್ವನಿಮುದ್ರಣವನ್ನೂ ದೀವವಾಗಿ ಬಳಸಿ ಹಕ್ಕಿಗಳನ್ನು ಕೊಲ್ಲುವುದು ಅದರಲ್ಲಿ ಅಪರಾಧ. ಅಮೆರಿಕದ ಆ ಕಣ್ಣು ಹೊಲಿದ ಪಾರಿವಾಳದಂಥ ಕ್ರೌರ್ಯಕ್ಕೆ ಇಲ್ಲಿ ಬಾಗಿಲು ಮುಚ್ಚಿದೆ.

ಪೀಡಕ ಹಕ್ಕಿಗಳಿಗೆ 1990ರ ದಶಕದಿಂದ 'ಸಾಮಾನ್ಯ ಪರವಾನಗಿ' ಎಂಬ ವ್ಯವಸ್ಥೆ ಬಂದಿತು. ಇದಕ್ಕೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಪ್ರಕಟಿತ ನಿಬಂಧನೆಗಳನ್ನು ಪಾಲಿಸುವ ಜಮೀನುದಾರನಿಗೂ ಅವನ ಅನುಮತಿ ಪಡೆದವನಿಗೂ ಅದು ತಾನಾಗಿಯೇ ಅನ್ವಯಿಸುತ್ತದೆ. ಬೆಳೆಗೆ ಅಥವಾ ಜಾನುವಾರಿಗೆ ಗಂಭೀರ ಹಾನಿಯನ್ನು ತಡೆಯುವುದೇ ಉದ್ದೇಶವಾಗಿರಬೇಕು; ವಿನೋದಕ್ಕಾಗಿಯೋ ಮಾಂಸಕ್ಕಾಗಿಯೋ ಕೊಲ್ಲುವಂತಿಲ್ಲ. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿದೆ. ಹಣ ಕೊಟ್ಟು ದಿನವಿಡೀ ಮರೆಯಲ್ಲಿ ಕುಳಿತು ಆನಂದಿಸುವವನ ಮನಸ್ಸಿನಲ್ಲಿ ಬೆಳೆರಕ್ಷಣೆ ಎಷ್ಟು, ವಿನೋದ ಎಷ್ಟು ಎಂದು ಅಳೆಯುವುದು ಕಷ್ಟ.

2019ರಲ್ಲಿ ವೈಲ್ಡ್ ಜಸ್ಟಿಸ್ ಎಂಬ ಸಂಸ್ಥೆಯು ಈ ವ್ಯವಸ್ಥೆಯನ್ನು ಕಾನೂನಿನ ಮೂಲಕ ಪ್ರಶ್ನಿಸಿತು. ಬೇರೆ ಮಾರ್ಗಗಳು ವಿಫಲವಾಗಿವೆಯೆಂಬುದನ್ನು ಖಚಿತಪಡಿಸಿಕೊಳ್ಳದೆ ಇಂಥ ಪರವಾನಗಿ ನೀಡುವುದು ಅಧಿನಿಯಮಕ್ಕೆ ವಿರುದ್ಧವೆಂಬುದು ಅದರ ವಾದ. ಈ ವಾದದಲ್ಲಿ ಹುರುಳಿದೆಯೆಂದು ಕಂಡ ಇಂಗ್ಲೆಂಡಿನ ಪ್ರಕೃತಿ ಸಂರಕ್ಷಣಾ ಪ್ರಾಧಿಕಾರವಾದ ನ್ಯಾಚುರಲ್ ಇಂಗ್ಲೆಂಡ್ ಏಪ್ರಿಲ್ 25ರಂದು ಮೂರು ಪರವಾನಗಿಗಳನ್ನು ರದ್ದುಪಡಿಸಿತು. ಮುನ್ಸೂಚನೆ ದೊರೆತದ್ದು ಕೆಲವೇ ದಿನಗಳದು. ಆಗ ಕುರಿಗಳು ಮರಿಹಾಕುವ ಕಾಲ, ಬಟಾಣಿ ಮೊಳೆಯುವ ಕಾಲ. ರೈತರಲ್ಲಿ ಕೋಲಾಹಲ ಉಂಟಾಯಿತು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ದೂರದರ್ಶನ ನಿರೂಪಕ ಕ್ರಿಸ್ ಪ್ಯಾಕಮ್ ಅವರ ಮನೆಯ ಗೇಟಿಗೆ ಯಾರೋ ಸತ್ತ ಕಾಗೆಗಳನ್ನು ತೂಗುಹಾಕಿದರು. ಕಾಗೆಗೆ ಮೊದಲು ತುರ್ತಾಗಿ ಒಂದು ಪರವಾನಗಿ ಹೊರಬಂದಿತು. ನಂತರ ಪರಿಸರ ಸಚಿವಾಲಯವೇ ಅಧಿಕಾರವನ್ನು ವಹಿಸಿಕೊಂಡು ಜೂನ್ 14ರಂದು ಹೊಸ ಪರವಾನಗಿಗಳನ್ನು ಹೊರಡಿಸಿತು. 2021ರಿಂದ ಮತ್ತೆ ಪರಿಷ್ಕೃತ ನಿಯಮಗಳು ಬಂದಿವೆ. ಹೆದರಿಸಿ ಓಡಿಸುವ ಕ್ರಮಗಳನ್ನು ಮೊದಲು ಪ್ರಾಮಾಣಿಕವಾಗಿ ಪ್ರಯತ್ನಿಸಿರಬೇಕೆಂಬುದು ಈಗ ಸ್ಪಷ್ಟ ಷರತ್ತು. ಕಾಡುಪಾರಿವಾಳವನ್ನು ಹೋಲುವ, ಆದರೆ ಚಿಕ್ಕದಾದ, ಬಿಳಿ ಪಟ್ಟೆಯಿಲ್ಲದ ಸ್ಟಾಕ್ ಡವ್ ಎಂಬ ಹಕ್ಕಿಯನ್ನು ಹೊಡೆದರೆ ಅಪರಾಧವಾಗುತ್ತದೆ. ಎರಡೂ ಒಂದೇ ಗುಂಪಿನಲ್ಲಿ ಹಾರಿ ಬರುವುದುಂಟಾದ್ದರಿಂದ ಮರೆಯಲ್ಲಿ ಕುಳಿತವನು ಗುಂಡಿಗೆ ಮೊದಲು ರೆಕ್ಕೆಯನ್ನು ನೋಡಲು ಕಲಿಯಬೇಕು.

ನಮ್ಮ ದೇಶದಲ್ಲಿ

ಭಾರತದ ಊರಕಾಗೆಯು ಹಡಗುಗಳ ಮೂಲಕ ಪೂರ್ವ ಆಫ್ರಿಕವನ್ನು ತಲುಪಿ ಅಲ್ಲಿ ದೊಡ್ಡ ಪೀಡೆಯಾಗಿದೆ. ಕೀನ್ಯಾ ಸರ್ಕಾರವು 2024ರಲ್ಲಿ ಕರಾವಳಿಯ 10 ಲಕ್ಷ ಕಾಗೆಗಳನ್ನು ನಿವಾರಿಸುವ ಯೋಜನೆಯನ್ನು ಪ್ರಕಟಿಸಿತು. ತವರಿನಲ್ಲಿ ಅದರ ಸ್ಥಾನವೇ ಬೇರೆ; ಪಿತೃಪಕ್ಷದಲ್ಲಿ ಪಿಂಡವನ್ನು ಮುಟ್ಟಲು ನಾವು ಕಾದು ಕರೆಯುವ ಹಕ್ಕಿ ಅದು. ಆದರೂ 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದಲ್ಲಿ ಕಾಗೆಯನ್ನು ಇಲಿ, ಹೆಗ್ಗಣ, ಹಣ್ಣುಬಾವಲಿಗಳ ಜೊತೆಗೆ ಉಪದ್ರವಿ ಪ್ರಾಣಿಗಳ ಐದನೆಯ ಅನುಸೂಚಿಯಲ್ಲಿ ಸೇರಿಸಲಾಗಿತ್ತು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆ ಅನುಸೂಚಿಯನ್ನೇ ತೆಗೆದುಹಾಕಿದೆ. ಹಳೆಯ ಪುಸ್ತಕಗಳನ್ನು ನೋಡಿ ಕಾಗೆಯನ್ನು ಕೊಲ್ಲಲು ಅಡ್ಡಿಯಿಲ್ಲವೆಂದು ಯಾರೂ ಭಾವಿಸಬಾರದು. ಬೇಟೆಯ ಪರವಾನಗಿಗಳ ಪದ್ಧತಿ 1991ರ ತಿದ್ದುಪಡಿಯಿಂದಲೇ ಕೊನೆಗೊಂಡಿದೆ.

ಬಂದೂಕಿನ ಪರವಾನಗಿಗೂ ಬೇಟೆಯ ಅನುಮತಿಗೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 1959ರ ಶಸ್ತ್ರಾಸ್ತ್ರ ಅಧಿನಿಯಮವು ಬೆಳೆರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿದೆ. ಇವೆರಡೂ ಆಯುಧವನ್ನು ಇಟ್ಟುಕೊಳ್ಳುವ ಹಕ್ಕುಗಳು ಮಾತ್ರ. ಆ ಬಂದೂಕಿನಿಂದ ಕಾಡುಹಕ್ಕಿಯನ್ನಾಗಲಿ ಮೃಗವನ್ನಾಗಲಿ ಹೊಡೆಯಲು ವನ್ಯಜೀವಿ ಅಧಿನಿಯಮದ ಪ್ರತ್ಯೇಕ ಆದೇಶ ಬೇಕು.

ಅಂಥ ಆದೇಶಕ್ಕೆ ಎರಡು ದಾರಿಗಳಿವೆ. ವನ್ಯಪ್ರಾಣಿಯೊಂದು ಮನುಷ್ಯಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದರೆ, ಅಧಿನಿಯಮದ 11ನೆಯ ಪ್ರಕರಣದಡಿ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯು ಕಾರಣಗಳನ್ನು ಬರೆದು ಆದೇಶ ನೀಡಬಹುದು. 62ನೆಯ ಪ್ರಕರಣದಡಿ ಕೇಂದ್ರ ಸರ್ಕಾರವು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಪ್ರಾಣಿಯೊಂದನ್ನು ಉಪದ್ರವಿಯೆಂದು ಘೋಷಿಸಬಹುದು. ಬಿಹಾರದ ಕೆಲವು ಜಿಲ್ಲೆಗಳಲ್ಲಿ 2015ರಲ್ಲಿ ನೀಲಗಾಯಿ ಮತ್ತು ಕಾಡುಹಂದಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲ ಪ್ರದೇಶದಲ್ಲಿ ಕೆಂಪುಮುಖದ ಕೋತಿ ಹೀಗೆ ಘೋಷಿತವಾಗಿದ್ದವು. ಬೆಳೆಹಾನಿಯಾದ ರೈತನು ಹಾನಿಯ ಛಾಯಾಚಿತ್ರ, ಪಹಣಿಯ ಪ್ರತಿ ಮತ್ತು ಹಾನಿಯಾದ ದಿನಾಂಕದ ವಿವರದೊಂದಿಗೆ ಮೊದಲು ಸಂಪರ್ಕಿಸಬೇಕಾದುದು ತನ್ನ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಯ ಕಚೇರಿಯನ್ನು.